ಎಡಿನ್‌ಬರೋದ ಗಾಜು, ನಾಗಪುರದ ಧೂಳು

ಧರಮಪೇಠ

ಗಿರಿಜಾಳ ಬಲಗೈ ಮುರಿಯದೇ ಇದ್ದಿದ್ದರೆ ನಾನು ಸ್ಕಾಟ್ಲೆಂಡ್ ನೋಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಹೋಗಿ ಬಂದ ಸುದ್ದಿ ತಿಳಿದವರೆಲ್ಲ ಕೋಟೆ, ಸರೋವರ, ಉಣ್ಣೆಯ ಶಾಲು ಇವುಗಳ ಬಗ್ಗೆಯೇ ಕೇಳುತ್ತಾರೆ. ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಸರೋವರ ನೋಡಲಿಲ್ಲ. ಏಳು ವಾರಗಳ ಹೆಚ್ಚಿನ ಹಗಲುಗಳೆಲ್ಲ ಗುಡ್ಡದ ಮೇಲಿನ ಒಂದು ವೀಕ್ಷಣಾಲಯದಲ್ಲಿ, ಗಾಜಿನ ಹಲಗೆಗಳಿದ್ದ ಒಂದು ತಣ್ಣನೆಯ ಕೋಣೆಯಲ್ಲಿ ಕಳೆದವು. ಅದಕ್ಕಾಗಿ ನನಗೆ ಸ್ವಲ್ಪವೂ ಬೇಸರವಿಲ್ಲ.

ಗಿರಿಜಾ ನಮ್ಮ ಯಜಮಾನರ ಕೊನೆಯ ತಂಗಿ, ನಾನು ಅವಳಿಗೆ ವೈನಿ, ಅಂದರೆ ಅತ್ತಿಗೆ. ನಾನು ಮದುವೆಯಾಗಿ ನಾಗಪುರದ ಧರಮಪೇಠದ ಈ ಮನೆಗೆ ಬಂದಾಗ ಅವಳು ಐದನೇ ಇಯತ್ತೆಯಲ್ಲಿದ್ದಳು. ಬೆಳಿಗ್ಗೆ ಅವಳಿಗೆ ಎರಡು ಜಡೆ ಹೆಣೆದು ಶಾಲೆಗೆ ಕಳಿಸುವುದು ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಆ ಹುಡುಗಿ ಇಲ್ಲಿಯೇ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ನಕ್ಷತ್ರಗಳ ಮೇಲೆ ಡಾಕ್ಟರೇಟು ಮಾಡಲೆಂದು ಎಡಿನ್‌ಬರೋಕ್ಕೆ ಹೋದಳು. ಮೂರನೇ ವರ್ಷದ ಚಳಿಗಾಲದಲ್ಲಿ, ಕೆಲಸ ಮುಗಿಸಿ ಮನೆಗೆ ನಡೆದು ಹೋಗುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಮಣಿಕಟ್ಟು ಎರಡು ಕಡೆ ಮುರಿಯಿತು.

ಎಡಗೈಯಲ್ಲಿ ಬರೆದ ಪತ್ರ ಬಂತು. ಅಕ್ಷರಗಳು ಐದನೇ ಇಯತ್ತೆಯವೇ. ಆಮೇಲೆ ಟ್ರಂಕ್ ಕಾಲ್. ಅಡಿಗೆ ಮಾಡಲು ಯಾರೂ ಬೇಕಿಲ್ಲ, ಬ್ರೆಡ್ಡು ತಿಂದು ಬದುಕುತ್ತೇನೆ ಎಂದಳು. ಆದರೆ ಅವಳು ನೋಡಬೇಕಾದ ಆಕಾಶದ ಚಿತ್ರಗಳು ದೊಡ್ಡ ಗಾಜಿನ ಹಲಗೆಗಳ ಮೇಲಿವೆ, ಅವನ್ನು ಒಂದು ಕೈಯಲ್ಲಿ ಎತ್ತಲು ಬಿಡುವುದಿಲ್ಲ. ಸೆಪ್ಟೆಂಬರಿಗೆ ಅವಳ ಶಿಷ್ಯವೇತನ ಮುಗಿಯುತ್ತದೆ.

"ವೈನಿ, ನೀವು ಬರ್ರಿ," ಎಂದಳು. "ನನಗ ಎರಡು ಕೈ ಬೇಕಾಗ್ಯಾವ."

ಯಜಮಾನರು ಸಿವಿಲ್ ಲೈನ್ಸಿನ ಒಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾರೆ. ಮಾತು ಕಡಿಮೆ. ನಾನು ಹೋಗಲೋ ಬೇಡವೋ ಎಂದು ಎರಡು ದಿನ ಅವರ ಮುಖ ನೋಡಿದೆ. ಮೂರನೆಯ ದಿನ ಪಾಸ್‌ಪೋರ್ಟಿನ ಅರ್ಜಿ ತಂದು ನನ್ನ ಮುಂದಿಟ್ಟರು, ಅಷ್ಟೇ. ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಳು. ನೀವು ಒಬ್ಬರೇ ಹೇಗಿರುತ್ತೀರಿ ಎಂದು ಕೇಳಿದ್ದಕ್ಕೆ, ಊಟದ ಡಬ್ಬಾ ಬರ್ತೈತಿ, ಶಾಂತಾಬಾಯಿ ಕಸ ಹೊಡಿತಾಳ, ಇನ್ನೇನು ಎಂದರು.

ಅದು ಧೂಮಕೇತು ಬಂದಿದ್ದ ವರ್ಷ. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಆ ಬಾಲದ ನಕ್ಷತ್ರದ ಮಾತು ಎಲ್ಲ ಅಂಗಳಗಳಲ್ಲೂ ನಡೆದಿತ್ತು. ಪಕ್ಕದ ಮನೆಯ ದೇಶಪಾಂಡೆ ಕಾಕು, ನಾನು ಅದನ್ನೇ ನೋಡಲು ವಿಮಾನ ಹತ್ತುತ್ತಿದ್ದೇನೆಂದು ತಿಳಿದು, ಬಾಲ ಎಷ್ಟುದ್ದ ಇದೆ ಎಂದು ಬರೋಬರ್ ನೋಡಿಕೊಂಡು ಬಂದು ಹೇಳಬೇಕೆಂದು ಮರಾಠಿಯಲ್ಲಿ ಅಪ್ಪಣೆ ಮಾಡಿ, ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿಯ ಡಬ್ಬಿ ಕೈಗಿಟ್ಟರು.

ಲಂಡನ್ ವಿಮಾನ ನಿಲ್ದಾಣ

ಕಸ್ಟಮ್ಸಿನ ಮೇಜಿನ ಹಿಂದೆ ನಿಂತಿದ್ದ ಅಧಿಕಾರಿ ಮಗುವಿನಂಥ ಗುಲಾಬಿ ಕೆನ್ನೆಯ ಮನುಷ್ಯ. ಬರ್ಫಿಯನ್ನು ಮೂಸಿ ಬಿಟ್ಟರು. ಶೇಂಗಾ ಚಟ್ನಿಯನ್ನು ನೋಡಿ ಬಿಟ್ಟರು. ಧಾರವಾಡದಿಂದ ಅತ್ತೆಯವರು ಮಗಳಿಗಾಗಿ ಕಳಿಸಿದ್ದ ವಿಭೂತಿ ಗಟ್ಟಿ ಸಿಕ್ಕಾಗ ಮಾತ್ರ ಅವರ ಕೈ ನಿಂತಿತು.

ಇದೇನು ಎಂದು ಕೇಳಿದರು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಪ್ರಶ್ನೆ ಕೇಳಿದರೆ ಪೂರ್ಣ ವಾಕ್ಯದಲ್ಲಿ, ಪೂರ್ಣ ಸತ್ಯ ಹೇಳಬೇಕೆಂದು ಸಿಸ್ಟರ್ ಬರ್ನಾಡೆಟ್ ನಮಗೆ ಕಲಿಸಿದ್ದರು. ಆದ್ದರಿಂದ ಇದು ಬೂದಿ, ಹಣೆಗೆ ಹಚ್ಚಿಕೊಳ್ಳುತ್ತೇವೆ, ಆಕಳ ಸಗಣಿಯನ್ನು ಒಣಗಿಸಿ ಸುಟ್ಟು ಮಾಡುತ್ತಾರೆ ಎಂದು ಸಾವಧಾನವಾಗಿ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಗಟ್ಟಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಹಾಗೆಯೇ ಕಾಗದದಲ್ಲಿ ಸುತ್ತಿಟ್ಟರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಬೆಳ್ಳಗೆ ಅಂಟಿತ್ತು. ಒರೆಸಿಕೊಳ್ಳಬೇಕೋ ಬೇಡವೋ, ಒರೆಸಿದರೆ ನನಗೆ ಅವಮಾನವಾದೀತೋ ಎಂದು ಪಾಪ ನಿಂತೇ ಇದ್ದರು. ಹೋಗಲು ಅನುಮತಿ ಸಿಕ್ಕ ಮೇಲೆ ತಿರುಗಿ ನೋಡಿದರೆ ಇನ್ನೂ ಹಾಗೆಯೇ ಬೆರಳು ಎತ್ತಿ ಹಿಡಿದಿದ್ದರು.

ಎಡಿನ್‌ಬರೋ, ಮೊದಲ ವಾರ

ಊರು ಕಪ್ಪಗಿದೆ. ನೂರಾರು ವರ್ಷ ಕಲ್ಲಿದ್ದಲು ಸುಟ್ಟ ಹೊಗೆ ಕಲ್ಲಿನ ಕಟ್ಟಡಗಳ ಮೇಲೆ ಕೂತು ಹಾಗಾಗಿದೆಯಂತೆ. ನನ್ನ ಕೈ ತುರಿಸುತ್ತಿತ್ತು, ಒಂದು ಬಕೆಟ್ ನೀರು ಮತ್ತು ಬ್ರಶ್ಶು ಸಿಕ್ಕರೆ ಒಂದು ಗೋಡೆಯನ್ನಾದರೂ ತಿಕ್ಕಿ ನೋಡಬಹುದಿತ್ತು. ಆದರೆ ಮನೆಗಳ ಒಳಗೆ ಧೂಳಿಲ್ಲ. ಮೂರು ದಿನ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ ನೋಡಿದೆ, ಏನೂ ಇಲ್ಲ. ನಾಗಪುರದಲ್ಲಿ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಹೆಸರು ಬರೆಯಬಹುದು. ಇಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಮನೆಯಲ್ಲೆಲ್ಲ ತಿರುಗಿದರೂ ಕೆಲಸ ಸಿಗಲಿಲ್ಲ.

ಅಲ್ಲಿಯ ಜನರಿಗೆ ಬಸ್ಸಿಗೆ ಕಾಯುವುದೂ ಒಂದು ವ್ರತ. ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಾನೂ ಹೇಳಲು ಕಲಿತೆ. ಊರಿಗೆ ಮರಳಿದ ಮೇಲೆ ಆಟೋದವನಿಗೂ ಹೇಳಿಬಿಟ್ಟೆ, ಅವನು ಗಾಬರಿಯಾಗಿ ಹಿಂದಿನ ಸೀಟು ನೋಡಿದ.

ದಿನಾ ಬೆಳಿಗ್ಗೆ ಗಿರಿಜಾಳಿಗೆ ಜಡೆ ಹಾಕುತ್ತಿದ್ದೆ, ಹದಿನೈದು ವರ್ಷದ ನಂತರ ಮತ್ತೆ. ಕೂದಲು ಹಾಗೇ ಉದ್ದ, ದಪ್ಪ. ಜಡೆ ಹಾಕುವಾಗಲೇ ಅವಳು ತನ್ನ ಕೆಲಸವನ್ನು ನನಗೆ ಹೇಳಿದ್ದು. ಪತ್ರಗಳಲ್ಲಿ ಬರೆದದ್ದು ನನಗೆ ಅರ್ಥವಾಗಿರಲಿಲ್ಲ. ಬೆನ್ನು ತಿರುಗಿಸಿ ಕೂತು ಹೇಳಿದ್ದು ಅರ್ಥವಾಯಿತು.

ನಮ್ಮ ಆಕಾಶಗಂಗೆಯಂಥ ನಕ್ಷತ್ರಗಳ ದೊಡ್ಡ ಗುಂಪಿಗೆ ಗೆಲಾಕ್ಸಿ ಎನ್ನುತ್ತಾರೆ. ಒಂದೊಂದರಲ್ಲಿ ಸಾವಿರಾರು ಕೋಟಿ ನಕ್ಷತ್ರಗಳು. ಕೆಲವೊಮ್ಮೆ ಎರಡು ಗೆಲಾಕ್ಸಿಗಳು ಹತ್ತಿರ ಬಂದು, ಒಂದರೊಳಗೊಂದು ಹೊಕ್ಕು, ಕಡೆಗೆ ಒಂದೇ ಆಗಿಬಿಡುತ್ತವೆ. ಹಾಗಾದರೆ ಒಳಗಿನ ನಕ್ಷತ್ರಗಳು ಒಂದಕ್ಕೊಂದು ಬಡಿದು ಪುಡಿಯಾಗುವುದಿಲ್ಲವೇ ಎಂದು ಕೇಳಿದೆ. ಇಲ್ಲವಂತೆ. ಅವುಗಳ ನಡುವೆ ಅಷ್ಟು ಜಾಗ ಇದೆ, ಒಂದೂ ಇನ್ನೊಂದಕ್ಕೆ ತಾಗುವುದಿಲ್ಲ. ಬಡಿದುಕೊಳ್ಳುವುದು ನಡುವಿನ ಅನಿಲ. ಅದು ಒತ್ತಿ ಒತ್ತಿ ಮುದ್ದೆಯಾಗಿ, ಅದರಿಂದ ಹೊಸ ನಕ್ಷತ್ರಗಳು ಒಮ್ಮೆಲೇ ಹುಟ್ಟಲು ಶುರುವಾಗುತ್ತವೆ. ಆದರೆ ಅವು ಹುಟ್ಟುವ ಜಾಗದ ತುಂಬ ಧೂಳು. ಹಳೆಯ ನಕ್ಷತ್ರಗಳು ಸಾಯುವಾಗ ಬಿಟ್ಟುಹೋದ ಮಸಿ, ಮರಳಿನಂಥ ಧೂಳು, ಒಲೆಯ ಹೊಗೆಯಷ್ಟು ಸಣ್ಣದು. ಹೊಸ ನಕ್ಷತ್ರಗಳ ಬೆಳಕನ್ನೆಲ್ಲ ಅದು ನುಂಗಿಬಿಡುತ್ತದೆ.

"ಹಂಗಾದ್ರ ನಿಮಗ ಒಳಗ ಹುಟ್ಟ್ಯಾವು ಅಂತ ಹೆಂಗ ಗೊತ್ತಾಕ್ಕೈತಿ?"

"ನಮ್ಮ ಶೇಗಡಿ ನೆನಪೈತೇನ್ರಿ ವೈನಿ? ಕೆಂಡದ ಮ್ಯಾಲೆ ಬೂದಿ ಕಟ್ಟಿದ ಮ್ಯಾಲೆ ಬೆಳಕು ಕಾಣಂಗಿಲ್ಲ. ನೀವು ಅಂಗೈ ಮ್ಯಾಲೆ ಹಿಡಿದು, ಇನ್ನೂ ಐತಿ, ಹಾಲು ಇಡು ಅಂತಿದ್ರಿ."

ತಮ್ಮ ಶಾಸ್ತ್ರವೂ ಅಷ್ಟೇ ಎಂದಳು. ಮೂರು ವರ್ಷದ ಹಿಂದೆ ಒಂದು ಉಪಗ್ರಹ ಮೇಲಿನಿಂದ ಹೀಗೆಯೇ ಆಕಾಶಕ್ಕೆಲ್ಲ ಅಂಗೈ ಹಿಡಿದು ನೋಡಿತ್ತು. ಮಾಮೂಲಿಯೆಂದು ಕಂಡ ಎಷ್ಟೋ ಗೆಲಾಕ್ಸಿಗಳು ಭಯಂಕರ ಕಾವು ಕಾರುತ್ತಿದ್ದವು. ಅವುಗಳಲ್ಲಿ ಅತಿ ಬಿಸಿಯಾದವು ಹೆಚ್ಚಾಗಿ ಇಂಥ ಕೂಡಿಕೊಳ್ಳುತ್ತಿರುವ ಜೋಡಿಗಳೇ. ಗಿರಿಜಾಳ ಕೆಲಸವೆಂದರೆ ಉಪಗ್ರಹ ಹೇಳಿದ್ದನ್ನು ಪಕ್ಕಕ್ಕಿಟ್ಟು, ಚಿತ್ರಗಳಲ್ಲಿ ಜೋಡಿಗಳನ್ನು ತಾನೇ ಹುಡುಕಿ ಪಟ್ಟಿ ಮಾಡುವುದು. ಆಮೇಲೆ ಪೆಸಿಫಿಕ್ ಸಾಗರದ ದ್ವೀಪವೊಂದರ ಬೆಟ್ಟದ ತುದಿಯ ದೂರದರ್ಶಕದಲ್ಲಿ, ಅವುಗಳಲ್ಲಿ ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಅಳೆಯುವುದು. ಆ ದೂರದರ್ಶಕಕ್ಕೆ ಅರ್ಜಿ ಹಾಕಲು ಮಾರ್ಚಿ ಮುಗಿಯುವವರೆಗೆ ಸಮಯವಿತ್ತು.

ಗಾಜಿನ ಕೋಣೆ

ಕೋಣೆಯ ಯಜಮಾನರು ಮಿಸ್ಟರ್ ಡಂಕನ್, ಅರವತ್ತು ದಾಟಿದ ಸ್ಕಾಟಿಷ್ ಗೃಹಸ್ಥ. ಕಂದು ಬಣ್ಣದ ಕೋಟು, ಕಿವಿಯ ಹಿಂದೆ ಪೆನ್ಸಿಲು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಬಾಗಿಲು ತಟ್ಟಿಯೇ ಹೋಗುತ್ತಿದ್ದರು. ಗಾಜಿನ ಮುಂದೆ ಸೀನು ಬಂದರೆ ಕೋಣೆಯಿಂದ ಹೊರಗೆ ಓಡುತ್ತಿದ್ದರು. ಹಲಗೆಗಳು ನಮ್ಮ ಹೋಳಿಗೆಯ ಮಣೆಯಷ್ಟು ಅಗಲ, ಆದರೆ ತೆಳ್ಳಗೆ ಹಪ್ಪಳದಂತೆ. ಹೇಗೆ ಹಿಡಿಯಬೇಕೆಂದು ಒಂದು ದಿನ ಪೂರ್ತಿ ಖಾಲಿ ಗಾಜಿನ ಮೇಲೆ ನನಗೆ ಅಭ್ಯಾಸ ಮಾಡಿಸಿದರು. ಒಂದು ಬದಿಯಲ್ಲಿ ಚಿತ್ರ ಇರುತ್ತದೆ, ಅದನ್ನು ಮುಟ್ಟಲೇಬಾರದು. ಇನ್ನೊಂದು ಬದಿ ಬರೀ ಗಾಜು. ನನ್ನ ಬಳೆಗಳ ಮೇಲೆ ಅವರ ಕಣ್ಣು ಬಿತ್ತು. ಮರುದಿನ ಎರಡು ಹತ್ತಿಯ ಪಟ್ಟಿ ತಂದು, ತೆಗೆಯುವುದು ಬೇಡ, ಮೇಲೆ ಸುತ್ತಿಕೊಳ್ಳಿ ಎಂದರು.

ಹತ್ತೂವರೆಗೆ ಚಹಾ. ಪ್ರೊಫೆಸರು, ವಿದ್ಯಾರ್ಥಿಗಳು, ನೆಲ ಒರೆಸುವ ಹೆಂಗಸು ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಕೂರುತ್ತಿದ್ದರು, ತಮ್ಮ ಕಪ್ಪನ್ನು ತಾವೇ ತೊಳೆಯುತ್ತಿದ್ದರು. ನಮ್ಮ ಯಜಮಾನರ ಕಚೇರಿಯಲ್ಲಿ ಸಾಹೇಬರ ಕಪ್ಪೇ ಬೇರೆ ಕಪಾಟಿನಲ್ಲಿರುತ್ತದೆ.

ಗಾಜನ್ನು ಕೆಳಗಿನಿಂದ ದೀಪ ಬೆಳಗುವ ಮೇಜಿನ ಮೇಲಿಟ್ಟು, ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವಂಥ ಸಣ್ಣ ದುರ್ಬೀನಿನಿಂದ ನೋಡಬೇಕು. ಮೊದಲ ಸಲ ಕಣ್ಣಿಟ್ಟಾಗ ನನಗೆ ನಗು ಬಂತು. ಎಲ್ಲ ತಲೆಕೆಳಗು. ಆಕಾಶ ಬಿಳಿ, ನಕ್ಷತ್ರಗಳು ಕಪ್ಪು, ಯಾರೋ ಬಿಳಿ ಅಕ್ಕಿಹಿಟ್ಟಿನ ಮೇಲೆ ಸಾಸಿವೆ, ಗಸಗಸೆ, ಕರಿ ಎಳ್ಳು ಚೆಲ್ಲಿದಂತೆ. ಗೆಲಾಕ್ಸಿಗಳು ಮಾತ್ರ ಅಂಚು ಮಸುಕಾದ ಮಸಿಯ ಚುಕ್ಕೆಗಳು. ಗಿರಿಜಾ ಒಂದು ಜೋಡಿಯನ್ನು ತೋರಿಸಿದಳು. ಕಾವಲಿಯ ಮೇಲೆ ಎರಡು ಸೌಟು ಹಿಟ್ಟು ಹತ್ತಿರ ಹತ್ತಿರ ಬಿದ್ದು ಕೂಡಿಕೊಂಡ ಹಾಗಿತ್ತು. ಎರಡರಿಂದಲೂ ಒಂದೊಂದು ಎಳೆ ಹೊರಟು, ಬಾಗಿ, ಎಲ್ಲಿಯೋ ಕಾಣದಾಗಿತ್ತು. ಒಂದರ ಸೆಳೆತಕ್ಕೆ ಇನ್ನೊಂದರಿಂದ ಚೆಲ್ಲಿದ ನಕ್ಷತ್ರಗಳು ಅವು, ಬಾಲದಂತೆ. ಕಪ್ಪಿನ ನಡುವೆ ಸಣ್ಣ ಬಿಳಿ ಗೆರೆ ಒಂದಿತ್ತು. ಅದೇ ಧೂಳು, ಎಂದಳು. ಈ ಚಿತ್ರಗಳಲ್ಲಿ ಧೂಳು ಬೆಳ್ಳಗಿರುತ್ತದೆ.

ದುರ್ಬೀನಿನಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆ ಬಿಳಿ ಗೆರೆಯ ಹಿಂದೆ ನಕ್ಷತ್ರಗಳ ಹೆರಿಗೆ ನಡೆದಿದೆ. ಆ ಬೆಳಕು ಹೊರಟದ್ದು ಹತ್ತು ಕೋಟಿ ವರ್ಷಗಳ ಹಿಂದೆ, ಹುಟ್ಟಿದವು ಈಗ ಬೆಳೆದು ದೊಡ್ಡವಾಗಿ, ದೊಡ್ಡ ದೊಡ್ಡವು ಸತ್ತೂ ಹೋಗಿರುತ್ತವೆ. ನನ್ನ ಕಣ್ಣಿಗೆ ಮಾತ್ರ ಈಗ ಬಾಣಂತಿಯ ಕೋಣೆಯ ಪರದೆ ಎಳೆದಂತಿದೆ. ಸಿಸ್ಟರ್ ಬರ್ನಾಡೆಟ್ ಇದ್ದಿದ್ದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ನಾನು ಸುಮ್ಮನೆ ಹಣೆಗೆ ಕೈ ಒಯ್ದೆ.

ಸೋಮವಾರ

ಆ ಸೋಮವಾರ ಗಿರಿಜಾ ಕೈ ತೋರಿಸಲು ಆಸ್ಪತ್ರೆಗೆ ಹೋದಳು. ಬೀಳುವ ಮೊದಲು ಮುಗಿಸಿದ್ದ ಮೂರು ಹಲಗೆಗಳನ್ನು ಕಪಾಟಿನಿಂದ ತೆಗೆದು ಮೇಜಿನ ಹತ್ತಿರ ಇಟ್ಟಿರಿ, ನಾಳೆ ಬೇಕು ಎಂದು ನನಗೆ ಹೇಳಿದ್ದಳು. ಆ ಮೂರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳು ಗುರುತು ಹಾಕುವ ರೀತಿಯನ್ನೂ ನೋಡಿರಲಿಲ್ಲ, ಏಕೆಂದರೆ ಗುರುತು ಹಾಕುವ ಕೈಗೇ ಪ್ಲಾಸ್ಟರ್ ಇತ್ತು.

ತೆಗೆದು ದೀಪದ ಮೇಲೆ ಇಟ್ಟೆ. ಚಿತ್ರವಿಲ್ಲದ ಬದಿಯಲ್ಲಿ ಅಲ್ಲಲ್ಲಿ ಸೂಜಿಯ ತಲೆಯಷ್ಟು ಕಂದು ಚುಕ್ಕೆಗಳಿದ್ದವು. ನಾಗಪುರದ ಯಾವ ಹೆಂಗಸಿಗಾದರೂ ಆ ಚುಕ್ಕೆ ಏನೆಂದು ಕಣ್ಣು ಮುಚ್ಚಿಕೊಂಡು ಗೊತ್ತು. ನಮ್ಮ ಕನ್ನಡಿಗಳ ಮೇಲೆ, ಬಲ್ಬುಗಳ ಮೇಲೆ, ದೇವರ ಪಟಗಳ ಮೇಲೆ ಅವೇ ಇರುತ್ತವೆ. ನೊಣದ ಹಿಕ್ಕೆ. ಮಾವಿನ ಹಣ್ಣಿನ ಕಾಲದಲ್ಲಿ ನಾನು ದಿನಕ್ಕೆ ಎರಡು ಸಲ ಒರೆಸುತ್ತೇನೆ.

ಅಯ್ಯೋ ಪಾಪ, ಒಂದು ಕೈಯಲ್ಲಿ ಈ ಹುಡುಗಿಗೆ ಒರೆಸಲೂ ಆಗಿಲ್ಲ ಎಂದುಕೊಂಡೆ. ಮಿಸ್ಟರ್ ಡಂಕನ್ ಪಕ್ಕದ ಕೋಣೆಯಲ್ಲಿದ್ದರು. ಕರವಸ್ತ್ರದ ತುದಿ ಒದ್ದೆ ಮಾಡಿ, ಚಿತ್ರದ ಬದಿಗೆ ತಾಗದಂತೆ ಅತಿ ಜಾಗ್ರತೆಯಿಂದ, ಮೂರೂ ಗಾಜುಗಳನ್ನು ಒರೆಸಿ ಹೊಳೆಯುವಂತೆ ಮಾಡಿದೆ. ಏಳು ವಾರಗಳಲ್ಲಿ ಅಷ್ಟು ತೃಪ್ತಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ.

ಮಂಗಳವಾರ

ಗಿರಿಜಾ ಮೊದಲ ಹಲಗೆಯ ಕೆಳಗೆ ದೀಪ ಹಚ್ಚಿದಳು. ಬಗ್ಗಿದಳು. ಹಲಗೆಯ ಮೂಲೆಯ ನಂಬರು ಓದಿದಳು. ಎರಡನೆಯದನ್ನು ಇಡಲು ಹೇಳಿದಳು, ಮೂರನೆಯದನ್ನೂ.

ಆಮೇಲೆ ಮಿಸ್ಟರ್ ಡಂಕನ್ನರನ್ನು ಕರೆದು, ಇವು ಬೇರೆ ಪ್ರತಿಗಳಿರಬೇಕು, ನಾನು ಕಂದು ಮಸಿಯ ಚುಕ್ಕೆ ಇಟ್ಟ ಪ್ರತಿ ಎಲ್ಲಿ ಎಂದು ಕೇಳಿದಳು. ಕಪ್ಪು ಮಸಿ ಇಟ್ಟರೆ ನಕ್ಷತ್ರದೊಂದಿಗೆ ಗೊಂದಲವಾಗುತ್ತದೆಂದು ಅವಳು ಕಂದು ಮಸಿ ಬಳಸುತ್ತಿದ್ದಳಂತೆ. ಪ್ರತಿ ಜೋಡಿಯ ಎಡ ಮೇಲ್ಭಾಗಕ್ಕೆ ಒಂದು ಚುಕ್ಕೆ. ಗುರುವಾರ ಬೆಳಿಗ್ಗೆ ಅಳೆಯುವ ಯಂತ್ರ ಅವಳ ಪಾಲಿಗೆ ಬರುತ್ತದೆ. ಚುಕ್ಕೆ ನೋಡಿ ನೋಡಿ ಪ್ರತಿ ಜೋಡಿಯ ಸ್ಥಾನವನ್ನು ಯಂತ್ರದಲ್ಲಿ ಅಳೆದುಕೊಳ್ಳಬೇಕು. ಆ ಸ್ಥಾನಗಳಿಲ್ಲದೆ ಅರ್ಜಿ ಇಲ್ಲ. ಯಂತ್ರ ಮತ್ತೆ ಸಿಗುವುದು ಆರು ವಾರದ ನಂತರ, ಅಷ್ಟರಲ್ಲಿ ಗಡುವು ದಾಟಿರುತ್ತದೆ. ಮುಂದಿನ ಅರ್ಜಿಯ ಹೊತ್ತಿಗೆ ಅವಳು ಇಲ್ಲಿ ಇರುವುದಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಮೂರೇ ಸಂಖ್ಯೆ: ಹದಿನಾಲ್ಕು, ಒಂಬತ್ತು, ಇಪ್ಪತ್ತು. ಉಳಿದದ್ದನ್ನು ಮರುದಿನ ಬರೆಯೋಣವೆಂದು ಮನೆಗೆ ಹೊರಟು ಜಾರಿ ಬಿದ್ದಿದ್ದಳು.

ಇದೆಲ್ಲವನ್ನು ಅವಳು ಮಿಸ್ಟರ್ ಡಂಕನ್ನರಿಗೆ ಹೇಳುತ್ತಿದ್ದಾಗ ನಾನು ಅಲ್ಲೇ ನಿಂತಿದ್ದೆ. ಅವರು ತಮ್ಮ ದೊಡ್ಡ ದಫ್ತರ ತೆರೆದು ಬೆರಳಿಟ್ಟು ಹುಡುಕಿದರು. ನಂಬರು ಸರಿಯಾಗಿದೆ ಎಂದರು. ಆದರೂ ತಮ್ಮದೇ ತಪ್ಪಿರಬಹುದೆಂದು ಏಣಿ ತಂದು, ಮೇಲಿನ ಕಪಾಟುಗಳನ್ನು ಒಂದೊಂದಾಗಿ ತೆರೆಯತೊಡಗಿದರು. ಅರವತ್ತು ದಾಟಿದ ಮನುಷ್ಯ, ಪ್ರತಿ ಮೆಟ್ಟಿಲಿಗೂ ಮೊಣಕಾಲು ಹಿಡಿದುಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಹೇಳಬೇಕು ಎಂದುಕೊಂಡೆ. ಅವರು ಇಳಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಇಳಿದರು, ಮತ್ತೊಂದು ಕಪಾಟಿಗೆ ಹತ್ತಿದರು. ಚಹಾದ ಗಂಟೆ ಬಾರಿಸುವವರೆಗೂ ನಾನು ಬಾಯಿ ಬಿಡಲಿಲ್ಲ. ಪೂರ್ಣ ವಾಕ್ಯದಲ್ಲಿ ಪೂರ್ಣ ಸತ್ಯ ಹೇಳುವ ನನ್ನ ವಿದ್ಯೆ ಬೂದಿಯ ಗಟ್ಟಿಗೆ ಮಾತ್ರ ಉಪಯೋಗಕ್ಕೆ ಬಂದಿತ್ತು.

ಕಡೆಗೆ ಏಣಿಯ ಕಾಲನ್ನು ಹಿಡಿದುಕೊಂಡು, ದಯವಿಟ್ಟು ಕೆಳಗೆ ಬನ್ನಿ, ನಾನೇ ಒರೆಸಿದೆ, ನೊಣದ ಹಿಕ್ಕೆ ಎಂದು ತಿಳಿದೆ ಎಂದೆ.

ಮಿಸ್ಟರ್ ಡಂಕನ್ ಇಳಿದರು. ಏಣಿಯನ್ನು ಮಡಚಿ ಗೋಡೆಗಿಟ್ಟರು.

"ಮಿಸೆಸ್ ಹಿರೇಮಠ," ಎಂದರು, "ಮೂವತ್ತು ವರ್ಷದಲ್ಲಿ ಈ ಕೋಣೆಯೊಳಗೆ ನಾನು ಒಂದು ನೊಣವನ್ನೂ ನೋಡಿಲ್ಲ."

ಗಿರಿಜಾ ಹೊರಗೆ ಹೋದಳು. ಗಾಜಿನ ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು, ಬೆಳಿಗ್ಗೆ ನಾನೇ ಹೆಣೆದ ಜಡೆ ಕಾಣುತ್ತಿತ್ತು. ಕಾರಿಡಾರಿನ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದಳು. ಅವಳು ಚಿಕ್ಕವಳಿದ್ದಾಗ ಸಿಟ್ಟು ಬಂದರೆ ಹೀಗೆಯೇ ನಿಲ್ಲುತ್ತಿದ್ದಳು, ನಾನು ಹೋಗಿ ಕರೆಯುವವರೆಗೆ. ಈಗ ಹೋಗುವ ಧೈರ್ಯವಾಗಲಿಲ್ಲ. ನನ್ನನ್ನು ಮುಂದಿನ ವಿಮಾನಕ್ಕೆ ಹತ್ತಿಸಿದರೆ ಅದು ನ್ಯಾಯವೇ ಎನಿಸಿತು.

ಅವಳೇ ಒಳಗೆ ಬಂದಳು. ಕಣ್ಣು ಕೆಂಪಾಗಿದ್ದವು.

"ವೈನಿ, ಕೈ ಬೇಕಂತ ನಿಮ್ಮನ್ನ ಕರಸಿದಾಕಿ ನಾನ," ಎಂದಳು. "ಈಗ ಕಣ್ಣು ಕೊಡ್ರಿ. ಎರಡು ದಿನ ಐತಿ."

ಬುಧವಾರ

ಮಂಗಳವಾರ ಚಹಾದ ನಂತರವೇ ಕೆಲಸ ಶುರುವಾಗಿತ್ತು: ಇಪ್ಪತ್ತು ಜೋಡಿಗಳಿದ್ದ ಹಲಗೆ ಅವಳಿಗೆ, ಉಳಿದ ಎರಡು ನನಗೆ. ಒಂದು ಹಲಗೆಗೆ ಅವಳಿಗೆ ಮೊದಲ ಸಲ ಒಂದು ವಾರ ಹಿಡಿದಿತ್ತಂತೆ. ನಾನು ಹುಡುಕಿದ್ದನ್ನು ಅವಳು ಮತ್ತೆ ನೋಡಿ ಒಪ್ಪಬೇಕು. ಅನುಮಾನ ಬಂದರೆ ಬಿಡಬ್ಯಾಡ್ರಿ, ಗುರುತು ಹಾಕ್ರಿ, ಹೊಡೆದು ಹಾಕೂದು ನನ್ನ ಕೆಲಸ ಎಂದಳು.

ನಾನು ಎರಡು ವಿದ್ಯೆಗಳನ್ನು ನಂಬಿ ಕೂತೆ. ಒಂದು ಮೊರದಲ್ಲಿ ಅಕ್ಕಿ ಆರಿಸುವುದು. ಇನ್ನೊಂದು ಕಾನ್ವೆಂಟಿನ ಕಸೂತಿ. ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲಿ ಒಂದು ಸಾಲು ಮುಗಿಯದೆ ಇನ್ನೊಂದಕ್ಕೆ ಕಣ್ಣು ಹಾರಿದರೆ ಸಿಸ್ಟರ್ ಬರ್ನಾಡೆಟ್ ಬೆರಳಿಗೆ ಸ್ಕೇಲಿನಿಂದ ತಟ್ಟುತ್ತಿದ್ದರು. ಒಂದು ಬಿಳಿ ದಾರವನ್ನು ಗಾಜಿನ ಮೇಲೆ ಅಡ್ಡ ಎಳೆದು, ಅದರ ಕೆಳಗಿನ ಸಾಲನ್ನು ಎಡದಿಂದ ಬಲಕ್ಕೆ ನೋಡಿ, ದಾರವನ್ನು ಕೂದಲೆಳೆಯಷ್ಟು ಸರಿಸುತ್ತ ಹೋದೆ. ಮಿಸ್ಟರ್ ಡಂಕನ್ ನನ್ನ ಬೆನ್ನಿಗೆ ಒಂದು ದಿಂಬು ಇಟ್ಟು ಹೋದರು. ಚಹಾಕ್ಕೆ ನಾನು ಹೋಗಲಿಲ್ಲ. ಕೋಣೆಯೊಳಗೆ ಚಹಾ ತರುವಂತಿಲ್ಲ. ಆದ್ದರಿಂದ ಅವರು ಬಾಗಿಲಾಚೆ ಕಪ್ಪು ಹಿಡಿದು ನಿಂತು, ನಾನು ಕುಡಿದು ಮುಗಿಸುವವರೆಗೆ ಕಾದರು.

ಮೊದಲ ಸಲ ನಾನು ಬರೀ ನೋಡಿ ಮೆಚ್ಚಿದ್ದೆ. ಈಗ ಪ್ರತಿಯೊಂದನ್ನೂ ಕೇಳಬೇಕಿತ್ತು: ನೀವಿಬ್ಬರೂ ಜೊತೆಗಿದ್ದೀರೋ, ಸುಮ್ಮನೆ ಒಂದರ ಹಿಂದೆ ಒಂದು ನಿಂತಿದ್ದೀರೋ? ಕೆಲವು ಜೋಡಿಗಳು ಎರಡು ಸ್ಪಷ್ಟ ಚುಕ್ಕೆಗಳಾಗಿ, ನಡುವೆ ನವಿರಾದ ಸೇತುವೆಯೊಂದಿಗೆ ಇದ್ದವು. ಕೆಲವು ಒಂದೇ ಆಗಿಬಿಟ್ಟಿದ್ದವು, ಒಳಗೆ ಮಾತ್ರ ಎರಡು ಗಟ್ಟಿ ಬೀಜ. ಒಂದಕ್ಕೆ ಅಡ್ಡಲಾಗಿ ಬಿಳಿ ಧೂಳು ಎಷ್ಟು ದಪ್ಪಗಿತ್ತೆಂದರೆ ಯಾರೋ ಜೋಪಾನವಾಗಿ ಕಂಬಳಿ ಹೊದಿಸಿದಂತಿತ್ತು. ಜೀವನವೆಲ್ಲ ಧೂಳನ್ನು ಹೊಡೆದೋಡಿಸಿದವಳು ನಾನು, ಆ ಎರಡು ದಿನ ಧೂಳು ಕಂಡರೆ ಸಾಕು, ಇಲ್ಲಿದ್ದೀಯಾ ಎಂದು ಸಂತೋಷವಾಗುತ್ತಿತ್ತು.

ಸಂಜೆ ಐದಕ್ಕೆ ಗಿರಿಜಾ ನನ್ನ ಗುರುತುಗಳನ್ನು ಪರೀಕ್ಷಿಸಲು ಕೂತಳು. ಮೊದಲ ಹಲಗೆಯಲ್ಲಿ ನಾನು ಹದಿನಾರು ಹಾಕಿದ್ದೆ. ಎರಡು ಬರೀ ಪಕ್ಕಪಕ್ಕದ ನಕ್ಷತ್ರಗಳು, ಹೋದವು. ಇನ್ನೊಂದರ ಮೇಲೆ ಅವಳು ಬಹಳ ಹೊತ್ತು ಕಣ್ಣಿಟ್ಟಳು. ಅದು ನನ್ನ ಅಭಿಮಾನದ ಜೋಡಿ. ಅಷ್ಟು ಉದ್ದದ, ಅಷ್ಟು ಚಂದ ಬಾಗಿದ ಬಾಲ ಇನ್ನಾವುದಕ್ಕೂ ಇರಲಿಲ್ಲ. ಮಿಸ್ಟರ್ ಡಂಕನ್ನರನ್ನು ಕರೆದಳು. ಅವರು ಚಿಮುಟ ತಂದು, ಉಸಿರು ಬಿಗಿಹಿಡಿದು, ಆ ಬಾಲವನ್ನು ಎತ್ತಿ ದೀಪಕ್ಕೆ ಹಿಡಿದರು.

"ಇದು ನಿಮ್ಮದೋ, ಅವಳದೋ?" ಎಂದು ಕೇಳಿದರು.

ಗಿರಿಜಾ ಜಡೆ ಮುಂದಕ್ಕೆ ತಂದು ಹೋಲಿಸಿ ನೋಡಿದಳು. ಅವಳದೇ. ಮಂಗಳವಾರ ಬೆಳಿಗ್ಗೆಯಿಂದ ಮೊದಲ ಸಲ ಅವಳು ನಕ್ಕಳು. ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ.

ಗುರುವಾರ

ಲೆಕ್ಕ ಹೀಗೆ ಬಂತು. ಅವಳ ಹಲಗೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಸಿಕ್ಕವು. ನನ್ನ ಮೊದಲ ಹಲಗೆಯಲ್ಲಿ ಹದಿನಾಲ್ಕು ಇರಬೇಕಾದಲ್ಲಿ ಹದಿಮೂರು. ಎರಡನೆಯದರಲ್ಲಿ ಒಂಬತ್ತು ಇರಬೇಕಾದಲ್ಲಿ ಹತ್ತು, ಹತ್ತೂ ನಿಜವಾದ ಜೋಡಿಗಳು, ಒಂದನ್ನು ಮಾತ್ರ ತಾನು ಮೊದಲು ಕಂಡೇ ಇರಲಿಲ್ಲ ಎಂದು ಅವಳು ಒಪ್ಪಿದಳು. ಕೂಡಿಸಿದರೆ ಮೊದಲಿದ್ದಷ್ಟೇ, ನಲವತ್ಮೂರು.

"ಬರೋಬರ್ ಆತು ನೋಡ್ರಿ ವೈನಿ," ಎಂದಳು. "ಖರೆ ಅವಽ ನಲವತ್ಮೂರು ಅಲ್ಲ."

ಯಂತ್ರದ ಕೋಣೆಗೆ ಹಲಗೆಗಳನ್ನು ಒಯ್ದಿಟ್ಟವಳು ನಾನೇ, ಬಳೆಗೆ ಹತ್ತಿ ಸುತ್ತಿಕೊಂಡು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಕಾಗದದ ಮೇಲೆ ಬಂದಿತ್ತು. ಗಡುವಿಗೆ ಮೂರು ದಿನ ಮೊದಲು ಅರ್ಜಿ ಅಂಚೆಗೆ ಹೋಯಿತು. ಅರ್ಜಿಯಲ್ಲಿ ಅವಳು ಒಂದು ವಾಕ್ಯ ಸೇರಿಸಿದ್ದಳು: ಮೂರರಲ್ಲಿ ಎರಡು ಹಲಗೆಗಳನ್ನು, ಮೊದಲಿನ ಗುರುತುಗಳನ್ನು ಕಾಣದ ಎರಡನೆಯ ಕಣ್ಣೊಂದು ಸ್ವತಂತ್ರವಾಗಿ ಮತ್ತೆ ಪರಿಶೀಲಿಸಿದೆ. ಓದಿ ನನಗೆ ನಾಚಿಕೆಯಾಯಿತು. ಆದರೆ ಪ್ರೊಫೆಸರು ಅದನ್ನೇ ಮೆಚ್ಚಿದರಂತೆ. ಒಬ್ಬಳೇ ನೋಡಿದರೆ ತನಗೆ ಬೇಕಾದದ್ದನ್ನೇ ಕಾಣುವ ಭಯವಿರುತ್ತದೆಯಂತೆ.

ಸಿಗದೆ ಹೋದ ಆ ಒಂದು ಜೋಡಿಯನ್ನು ನಾನು ಹೊರಡುವವರೆಗೂ ಬಿಡುವಾದಾಗಲೆಲ್ಲ ಹುಡುಕಿದೆ. ಇಲ್ಲ. ಮೊದಲ ಹಲಗೆಯ ಎಲ್ಲಿಯೋ ಒಂದು ಕಡೆ ಎರಡು ಗೆಲಾಕ್ಸಿಗಳು ತಮ್ಮ ಪಾಡಿಗೆ ಕೂಡಿಕೊಳ್ಳುತ್ತಿವೆ, ನನ್ನ ಕರವಸ್ತ್ರ ಅವುಗಳ ವಿಳಾಸವನ್ನು ಒರೆಸಿಕೊಂಡು ನಾಗಪುರಕ್ಕೆ ತಂದಿದೆ.

ಕೊನೆಯ ದಿನ ಮಿಸ್ಟರ್ ಡಂಕನ್ ದಫ್ತರ ತೆರೆದು ತೋರಿಸಿದರು. ಪ್ರತಿ ಹಲಗೆಯ ಮುಂದೆ ಯಾರು ಯಾವಾಗ ಏನು ಮಾಡಿದರೆಂದು ಬರೆಯುವ ಅಂಕಣವಿದೆ. ಆ ಮೂರರ ಮುಂದೆ ಅವರ ಪೆನ್ಸಿಲಿನ ಸ್ಪಷ್ಟ ಅಕ್ಷರಗಳು: ಸ್ವಚ್ಛಗೊಳಿಸಿದವರು, ಮಿಸೆಸ್ ಹಿರೇಮಠ, ನಾಗಪುರ. ಕೆಳಗಿನ ಸಾಲಿನಲ್ಲಿ: ಪರಿಶೀಲಿಸಿದವರು, ಅವರೇ. ಆಮೇಲೆ ಜೇಬಿನಿಂದ ಒಂದು ಹಳೆಯ ದುರ್ಬೀನು ತೆಗೆದು ಕೈಗಿಟ್ಟರು. ಅದರ ಗಾಜಿನ ಅಂಚು ಸ್ವಲ್ಪ ಒಡೆದಿದೆ, ವೀಕ್ಷಣಾಲಯಕ್ಕೆ ಬೇಡವಂತೆ. ನಿಮ್ಮ ಊರಿನ ನೊಣಗಳನ್ನು ಒರೆಸುವ ಮೊದಲು ಇದರಿಂದ ಒಮ್ಮೆ ನೋಡಿ ಎಂದರು, ಮುಖದಲ್ಲಿ ನಗುವಿಲ್ಲದೆ.

ಮತ್ತೆ ಧರಮಪೇಠ

ಗಿರಿಜಾಳ ಪತ್ರ ಮಳೆಗಾಲದಲ್ಲಿ ಬಂತು, ಬಲಗೈ ಅಕ್ಷರದಲ್ಲಿ. ಅರ್ಜಿ ಒಪ್ಪಿಗೆಯಾಗಿ ಅವಳು ದ್ವೀಪದ ಬೆಟ್ಟಕ್ಕೆ ಹೋಗಿ ಬಂದಿದ್ದಳು. ಬಾಲವಿದ್ದ ಜೋಡಿಗಳಲ್ಲಿ ಬಹಳಷ್ಟು ಶೇಗಡಿಯಂತೆ ಕಾವು ಕಾರುತ್ತಿದ್ದವು. ನಾನು ಹೆಚ್ಚಿಗೆ ಹುಡುಕಿದ ಆ ಹತ್ತನೆಯ ಜೋಡಿಯನ್ನೂ ಅವಳು ಅಳೆದಳು. ಅದು ತಣ್ಣಗಿತ್ತು. ಅನಿಲ, ಧೂಳು ಯಾವುದೂ ಉಳಿಯದ ಎರಡು ಮುದಿ ಗೆಲಾಕ್ಸಿಗಳು, ಹೊಸದೇನೂ ಹುಟ್ಟುತ್ತಿಲ್ಲ. ಬೇಜಾರಾಗಬೇಡಿ, ಎಲ್ಲಿ ಹುಟ್ಟುವುದಿಲ್ಲ ಎಂಬುದೂ ನಮಗೆ ಬೇಕು, ಅದನ್ನೂ ಕೋಷ್ಟಕದಲ್ಲಿ ಸೇರಿಸಿದ್ದೇನೆ ಎಂದು ಬರೆದಿದ್ದಳು. ನನಗೆ ಬೇಜಾರಾಗಲಿಲ್ಲ. ಧೂಳಿದ್ದರೆ ಚೆನ್ನಾಗಿತ್ತು ಅನಿಸಿತು, ಅಷ್ಟೇ.

ಆದರೆ ನಾನು ಮನೆಗೆ ಬಂದ ದಿನದ್ದು ಒಂದು ಮಾತು ಉಳಿದಿದೆ.

ಏಪ್ರಿಲ್ ಕೊನೆ. ನಾಗಪುರ ಕಾದ ಹೆಂಚಾಗಿತ್ತು, ಬಿಸಿಗಾಳಿ ರಸ್ತೆಯ ಮಣ್ಣನ್ನೆಲ್ಲ ಮನೆಯೊಳಗೆ ತಂದು ಸುರಿಯುತ್ತಿತ್ತು. ದೇಶಪಾಂಡೆ ಕಾಕು ಗೇಟಿನಲ್ಲೇ ಹಿಡಿದು, ಬಾಲ ಎಷ್ಟುದ್ದ ಇತ್ತು ಎಂದು ಕೇಳಿದರು. ಒಂದು ಮೊಳ ಇತ್ತು, ಗಿರಿಜಾಳದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಚಹಾ ಕುಡಿದು, ಸೆರಗು ಸಿಕ್ಕಿಸಿ, ಒರೆಸುವ ಬಟ್ಟೆ ಹಿಡಿದೆ. ಶಾಂತಾಬಾಯಿ ನೆಲ ಗುಡಿಸಿದ್ದಳು, ಆದರೆ ಪಡಸಾಲೆಯ ಶೋಕೇಸಿಗೆ ಯಾರೂ ಕೈ ಹಚ್ಚಿರಲಿಲ್ಲ. ಅದರ ಗಾಜಿನ ಮೇಲೆ ಏಳು ವಾರದ ಧೂಳು ದಪ್ಪಗೆ ಕೂತಿತ್ತು.

ಬಟ್ಟೆ ಎತ್ತಿದ ಕೈ ಅಲ್ಲೇ ನಿಂತಿತು. ಗಾಜಿನ ಕೆಳಮೂಲೆಯಲ್ಲಿ, ಧೂಳಿನಲ್ಲಿ, ಬೆರಳಿನಿಂದ ಎಳೆದ ಸಣ್ಣ ಸಣ್ಣ ನಿಲುಗೆರೆಗಳಿದ್ದವು. ಏಳೇಳರ ಸಾಲುಗಳು. ಕೆಳಗಿನ ಸಾಲು ಹೊಸದು, ಗಾಜು ಹೊಳೆಯುತ್ತಿತ್ತು. ಮೇಲೆ ಹೋದ ಹಾಗೆ ಗೆರೆಗಳ ಮೇಲೆ ಮತ್ತೆ ಧೂಳು ತುಂಬುತ್ತ, ಮಸುಕಾಗುತ್ತ ಹೋಗಿದ್ದವು. ಎಣಿಸಿದೆ. ನಲವತ್ತೇಳು. ಚೀಲದಿಂದ ಮಿಸ್ಟರ್ ಡಂಕನ್ನರ ದುರ್ಬೀನು ತಂದು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ನಿಂತು, ಮೇಲಿನ ಸಾಲಿನ ಎಡತುದಿಯಲ್ಲಿ ಹುಡುಕಿದೆ. ಪೂರ್ತಿ ಮುಚ್ಚಿಹೋಗಿದ್ದ ಮೊದಲ ಎರಡು ಗೆರೆಗಳು ಸಿಕ್ಕವು. ನಲವತ್ತೊಂಬತ್ತು. ನಾನು ಇಲ್ಲದ ದಿನಗಳು ಅಷ್ಟೇ.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕತ್ತು ಕೆರೆದುಕೊಂಡರು. ಏಳು ವಾರ ಅವರು ಬರೆದ ಪತ್ರಗಳಲ್ಲಿ ಡಬ್ಬಾ ಚಲೋ ಬರುತ್ತಿದೆ, ಕೂಲರಿನ ಜಾಲರಿಗೆ ಹೊಸ ಹುಲ್ಲು ಹಾಕಿಸಿದೆ ಎಂದಷ್ಟೇ ಇತ್ತು.

"ಯಾಕ ನಿಂತಿ?" ಎಂದರು. "ಒರಸು. ಬರೇ ಧೂಳ ಐತಿ."

"ತಡೀರಿ," ಎಂದೆ. "ಮೊದಲ ಬರಕೋತೇನಿ."

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ಸಿಕ್ಕಿತು. ನೆಲದ ಮೇಲೆ ಕೂತು, ಎಡದಿಂದ ಬಲಕ್ಕೆ, ಒಂದು ಸಾಲು ಮುಗಿಯದೆ ಇನ್ನೊಂದಕ್ಕೆ ಕಣ್ಣು ಹಾರಿಸದೆ, ನಲವತ್ತೊಂಬತ್ತು ಗೆರೆಗಳನ್ನೂ ಅವು ಇದ್ದ ಹಾಗೆಯೇ ಬರೆದುಕೊಂಡೆ. ಆಮೇಲೆ ಒರೆಸಿದೆ.